ಗಂಧದ ಘಮದ ಗಾಂಜಾ

ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಯ ಮಧ್ಯೆ ನನ್ನ ಗಂಡನಾದ ಮುರಳಿಯನ್ನು ಎಬ್ಬಿಸಿ, ಹಿಂದಿನ ಕನ್ಸರ್ವೇಟರಿಯಲ್ಲಿ, ಅಂದರೆ ಗಾಜಿನ ಕೋಣೆಯಲ್ಲಿ, ಕೂರಿಸಿದರು. ಒಬ್ಬನನ್ನೇ. ಕಾರಣ? ಗಾಂಜಾ ವಾಸನೆ.

(ಹೌದು, ಗಾಂಜಾವೇ. ಗಾಬರಿಯಾಗಿ ಪುಟ ಮಗುಚಬೇಡಿ.)

ಬೆನ್ನಿನ ಆಪರೇಷನ್ ಆದಮೇಲೆ ಮುರಳಿಯ ಕಾಲಿನ ನರದ ನೋವು ಯಾವ ಮಾತ್ರೆಗೂ ಬಗ್ಗಲಿಲ್ಲ. ಕೊನೆಗೆ, ಇಲ್ಲಿಯ ಬ್ರಿಟಿಷ್ ಕಾನೂನು ಒಪ್ಪಿದ ದಾರಿಯಲ್ಲೇ, ಸ್ಪೆಷಲಿಸ್ಟ್ ಒಬ್ಬರು ಗಾಂಜಾ ಬರೆದುಕೊಟ್ಟರು. ಒಣಗಿದ ಹೂವು, ಪುಟ್ಟ ಯಂತ್ರದಲ್ಲಿ ಬಿಸಿ ಮಾಡಿ ಆವಿ ಎಳೆಯಬೇಕು. ಎಳೆದರೆ ಮನುಷ್ಯ ಒಂದಿಷ್ಟು ಹೊತ್ತು ನೆಟ್ಟಗೆ ಕೂರುತ್ತಾನೆ. ನಮಗೆ ಅಷ್ಟು ಸಾಕಿತ್ತು.

ಈ ಗಿಡದಲ್ಲಿ ಎಷ್ಟೊಂದು ತಳಿಗಳು! ಒಂದರ ಹೂವಿನ ಕಂಪು, ಇನ್ನೊಂದರ ಮರದ ಘಮ ಕೂಡಿಸಿ ಹೊಸದನ್ನು ಬೆಳೆಸುವುದೇ ಬ್ರೀಡರ್‌ಗಳ ಕಸುಬು. ಲ್ಯಾವೆಂಡರ್, ಪೈನ್, ಗಂಧ. ಪೂಜೆಗೆ ಹೋಗಲೆಂದೇ ಮುರಳಿ ಗಂಧದ ಘಮದ್ದನ್ನು ಕೇಳಿ ಬರೆಸಿಕೊಂಡ. "ಊದುಬತ್ತಿ ಮಧ್ಯೆ ಯಾರಿಗೆ ಗೊತ್ತಾಗುತ್ತೆ ಬಿಡೇ" ಎಂದ. ಎಷ್ಟೋ ತಿಂಗಳ ನಂತರ ಅವನು ಇಸ್ತ್ರಿ ಅಂಗಿ ತೊಟ್ಟಿದ್ದು ಅವತ್ತೇ.

ಡಬ್ಬಿಯಲ್ಲಿ ಗಂಧವೇ. ಆದರೆ ಬಿಸಿಯಾದ ಮೇಲೆ ಬಟ್ಟೆಗೆ ಅಂಟುವುದು ಗಾಂಜಾ ವಾಸನೆ ಎಂದು ಯಾವ ಬ್ರೀಡರ್ ಹೇಳುತ್ತಾನೆ?

ಪೂಜೆಯ ಮನೆಯೊಡೆಯ ಸುಧೀಂದ್ರ ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರ್. ನೋವಿನವರನ್ನು ದಿನವೂ ನೋಡುವವರು.

"ಬೇಜಾರು ಮಾಡ್ಕೋಬೇಡಿ ಮುರಳಿ. ಮಕ್ಕಳಿದಾರೆ, ಕಲಶ ಬೇರೆ ಇಟ್ಟಿದೀವಿ."

"ಪ್ರಿಸ್ಕ್ರಿಪ್ಷನ್ ಇದೆ ಡಾಕ್ಟ್ರೇ."

"ನಂಗೊತ್ತು. ಜನಕ್ಕೆ ಗೊತ್ತಾ?"

ಜನಕ್ಕೆ ನೀವೇ ಹೇಳಬಹುದಿತ್ತಲ್ಲ, ಸ್ವಾಮಿ? ಡಾಕ್ಟರ್ ಹೇಳಿದರೆ ಸ್ಟಾಕ್‌ಪೋರ್ಟಿನ ಕನ್ನಡಿಗರಲ್ಲಿ ಯಾರು ಕೇಳುವುದಿಲ್ಲ? ಇದೇ ಹಾಲ್‌ನಲ್ಲಿ, ಹಿಂದಿನ ಬರ್ತ್‌ಡೇ ಪಾರ್ಟಿಯಲ್ಲಿ, ವಿಸ್ಕಿ ಗ್ಲಾಸಿಗೆ ಮೂಗು ತೂರಿಸಿ "ವುಡೀ ಇದೆ, ಸ್ವಲ್ಪ ಫ್ಲೋರಲ್ ಕೂಡ" ಎಂದು ಎಲ್ಲರಿಗೂ ಪಾಠ ಮಾಡಿದವರು ಇವರೇ. ಆಗಲೂ ಮಕ್ಕಳಿದ್ದರು.

ಗಾಜಿನ ಆಚೆ ಮುರಳಿ ಕೈಮುಗಿದು ಕೂತಿದ್ದ. ಕಥೆ ಅಲ್ಲಿಗೆ ಕೇಳಿಸುತ್ತಿತ್ತೋ ಇಲ್ಲವೋ. ಪ್ರಸಾದ ಮಾತ್ರ ಪೇಪರ್ ಪ್ಲೇಟಿನಲ್ಲಿ ಅಲ್ಲಿಗೇ ಹೋಯಿತು.

ಹೋದ ಭಾನುವಾರ ಟಿವಿಡೇಲ್ ದೇವಸ್ಥಾನಕ್ಕೆ ಹೊರಟೆವು. ಬೆಳಗಿನ ಔಷಧಿಯನ್ನು ಅವನು ಮುಟ್ಟಲಿಲ್ಲ. ನಾನು ಗಂಟಲು ಹರಿದುಕೊಂಡೆ, ಕೇಳಲಿಲ್ಲ. ದರ್ಶನದ ಸಾಲಿನಲ್ಲಿ ನನ್ನ ಭುಜ ಹಿಡಿದು ನಿಂತವನು, ಹಣೆಯ ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ: "ಈಗ ವಾಸನೆ ಇಲ್ಲ ತಾನೆ?"

ಇಲ್ಲ. ನೋವಿಗೆ ವಾಸನೆಯಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ.