ಪೊರಕೆ ಕಡ್ಡಿಯ ಅಳತೆ

ಸಲಾತಿಗಾ ಪಟ್ಟಣದ ಗುಜರಿ ಸಂತೆಗೆ ಬೆಳಕು ಹರಿಯುವ ಹೊತ್ತು. ಅಮ್ಮ ಎನ್ನುವಂತೆ ಎಲ್ಲರೂ ‘ಬು’ ಎನ್ನುವ ವಾರ್ಸಿನಿ ಹಳೆಯ ಮೌಂಟನ್ ಬೈಕೊಂದನ್ನು ಮುಂದಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ತೆಂಗಿನ ಪೊರಕೆಯಿಂದ ಕಡ್ಡಿ ಎಳೆದು, ಹ್ಯಾಂಡಲ್ ಕೂರುವ ಕೊಳವೆಯೊಳಗೆ ತೂರಿಸಿ, ಉದ್ದಕ್ಕೆ ಸರಿಯಾಗಿ ಉಗುರಿನಲ್ಲಿ ಚಿವುಟುತ್ತಾರೆ. ಇನ್ನೊಂದು ಕಡ್ಡಿ ಕೊಳವೆಯ ಅಗಲಕ್ಕೆ. ಆಮೇಲೆ ಚೌಕಟ್ಟಿನ ಮುಂಭಾಗಕ್ಕೆ ಇಟ್ಟಿಗೆ ಕೊಟ್ಟು, ಅದು ಹದಕ್ಕೆ ಬರುವವರೆಗೆ ಏರಿಸಿ ಇಳಿಸಿ, ಗಾಲಿಯ ನಡುವಿನಿಂದ ಕೊಳವೆಯ ಬುಡದವರೆಗೆ ಮೂರನೆಯ ಕಡ್ಡಿ ಹಿಡಿಯುತ್ತಾರೆ. ಮೂರಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಗೋಡೆಗೆ ತೂಗುಬಿಟ್ಟರೆ ಅದೇ ಆ ಸೈಕಲ್ಲಿನ ಜಾತಕ. ಗೋಡೆಯಲ್ಲಿ ಈಗ ಅಂಥ ನಲವತ್ತೊಂದು ಕಟ್ಟುಗಳಿವೆ.

ಮುಂದಿನ ಗಾಲಿಯನ್ನು ಹಿಡಿದಿರುವ ಕವಲೇ ಫೋರ್ಕ್. ಮೂವತ್ತು ವರ್ಷದ ಹಿಂದಿನ ಸೈಕಲ್ಲಿಗೆ ಹೊಂದುವ ಫೋರ್ಕನ್ನು ಈಗ ಯಾರೂ ಮಾಡುವುದಿಲ್ಲ. ಗೋಡೆಯ ಕಟ್ಟುಗಳೆಲ್ಲ ಫೋರ್ಕಿಗಾಗಿ ಕಾದಿರುವ ಸೈಕಲ್ಲುಗಳವು. ಗುಜರಿ ಲಾರಿ ಬಂದ ದಿನ ಅರವತ್ತೆಪ್ಪತ್ತು ಹಳೆ ಫೋರ್ಕುಗಳು ಬು ವಾರ್ಸಿನಿಯ ಕೈ ಹಾಯುತ್ತವೆ. ತಿಂಗಳಿಗೆ ಒಂದು ಹೊಂದಿದರೆ ಪುಣ್ಯ. ನಾನು ಹದಿನಾಲ್ಕು ವರ್ಷದಿಂದ ಅವರ ಎದುರಿನ ಅಂಗಡಿಯಲ್ಲೇ ಕಾಫಿ ಕುಡಿಯುತ್ತಿದ್ದೇನೆ. ಅವರ ಬಗ್ಗೆ ಬರೆಯಲು ಇಷ್ಟು ತಡ ಮಾಡಿದೆನಲ್ಲ ಎಂದು ನಾಚಿಕೆಯಾಗುತ್ತದೆ.

ಮೊದಲು ಅವರು ದರ್ಜಿ. ನಲವತ್ತೆರಡಕ್ಕೇ ಕಣ್ಣು ಮಂಜಾಗಿ ಸೂಜಿಯ ತೂತು ಕಾಣದಾಯಿತು. "ಎರಡು ವರ್ಷ ಅತ್ತೆ. ಆಮೇಲೆ ಗೊತ್ತಾಯ್ತು, ಬೆರಳಿಗೇನೂ ಆಗಿಲ್ಲ ಅಂತ. ಕಬ್ಬಿಣಕ್ಕೆ ಸೂಜಿ ಪೋಣಿಸ್ಬೇಕಾಗಿಲ್ವಲ್ಲ" ಎನ್ನುತ್ತಾರೆ.

ಇಂದಿನ ಸೈಕಲ್ಲು ಪಾಕ್ ತುಗಿನೋ, ಅಂದರೆ ತುಗಿನೋ ಅಪ್ಪನವರದು. ಗುಡ್ಡದ ಮೇಲಿನ ಐವತ್ತು ಮನೆಗಳಿಗೆ ಬೆಳಿಗ್ಗೆ ತೆಂಪೆ ಎಂಬ ಹುದುಗಿಸಿದ ಸೋಯಾ ಬಿಲ್ಲೆಗಳನ್ನು ಮುಟ್ಟಿಸುವ ಈ ಮನುಷ್ಯನಿಗೆ ಅರವತ್ಮೂರು. ಫೋರ್ಕ್ ಬಿರುಕು ಬಿಟ್ಟಿದೆ. ರಂಜಾನ್ ಉಪವಾಸದ ತಿಂಗಳು ಶುರುವಾಗುವುದರೊಳಗೆ ಸರಿಹೋಗದಿದ್ದರೆ ಸೈಕಲ್ಲು ಮಾರಿ ಮನೆಯಲ್ಲಿರುತ್ತೇನೆಂದು ಸೊಸೆಗೆ ಮಾತು ಕೊಟ್ಟಿದ್ದಾರೆ. ಮಾತು ಕೊಟ್ಟ ದಿನದಿಂದ ಅವರ ಮುಖದಲ್ಲಿ ಕಳೆಯಿಲ್ಲ.

"ಇಷ್ಟೆಲ್ಲ ಯಾಕೆ ಬು? ಹಳೇ ಫೋರ್ಕ್ ಇಲ್ಲೇ ಇದೆ, ಅದನ್ನೇ ಅಳೀಬಾರ್ದಾ?" ಪಕ್ಕದಲ್ಲೇ ಕೂತ ತುಗಿನೋ ಕೇಳುತ್ತಾರೆ.

"ಹಳೇ ಬಟ್ಟೆ ನೋಡಿ ನಾನ್ಯಾವತ್ತೂ ಹೊಲಿದಿಲ್ಲ. ಮೈ ಅಳೀಬೇಕು." ಅವರು ಮೂರನೆಯ ಕಡ್ಡಿಯನ್ನು ಬಿರುಕು ಬಿಟ್ಟ ಫೋರ್ಕಿನ ಪಕ್ಕ ಹಿಡಿಯುತ್ತಾರೆ. ಫೋರ್ಕೇ ಕಡ್ಡಿಗಿಂತ ಎರಡು ಬೆರಳು ಹೆಚ್ಚು ಉದ್ದ. "ಇದನ್ನ ಹಾಕಿದ್ದು ಯಾರು?"

"ನಾನು ಕೊಂಡಾಗ್ಲೇ ಇತ್ತು. ಹನ್ನೊಂದು ವರ್ಷ ಆಯ್ತು."

"ಹನ್ನೊಂದು ವರ್ಷ ಯಾರದೋ ಪ್ಯಾಂಟ್ ಹಾಕ್ಕೊಂಡು ಓಡಾಡಿದೀರ. ಏರಲ್ಲಿ ಮುಂದಿನ ಗಾಲಿ ಎದ್ದೇಳುತ್ತಾ?"

"ಏಳುತ್ತೆ. ಅದಕ್ಕೇ ಇಳಿದು ತಳ್ತೀನಿ. ವಯಸ್ಸಾಯ್ತಲ್ಲ."

"ವಯಸ್ಸಾಗಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ತಪ್ಪು ಕಾಲಿಂದಲ್ಲ, ಫೋರ್ಕಿಂದು."

ತುಗಿನೋ ತಮ್ಮ ಮಂಡಿಗಳನ್ನು ಎರಡೂ ಕೈಯಿಂದ ಸವರಿಕೊಳ್ಳುತ್ತಾರೆ.

ಪಕ್ಕದ ಬಿಡಿಭಾಗದ ಅಂಗಡಿಯವನು ಹೊಳೆಯುವ ಸ್ಪ್ರಿಂಗ್ ಫೋರ್ಕ್ ತೋರಿಸಿ ಕರೆಯುತ್ತಾನೆ. ಅದು ಇನ್ನೂ ಉದ್ದ. ಬು ವಾರ್ಸಿನಿ ಅತ್ತ ತಿರುಗಿಯೂ ನೋಡುವುದಿಲ್ಲ. ಹತ್ತೊಂಬತ್ತು ದಿನ ಅವರು ಕಡ್ಡಿ ಹಿಡಿದು ಲಾರಿಗಳ ಬಳಿ ನಿಲ್ಲುತ್ತಾರೆ. ಉಪವಾಸಕ್ಕೆ ಮೂರು ದಿನವಿದ್ದಾಗ, ತುಕ್ಕು ಹಿಡಿದ ರಾಶಿಯ ತಳದಲ್ಲಿ ಅವರ ಕೈ ನಿಲ್ಲುತ್ತದೆ. ಕೊಳವೆಯ ಅಗಲ ಸರಿ, ಉದ್ದ ಸರಿ, ಕವಲಿನ ಅಳತೆಯೂ ಸರಿ. ಅವರು ಕೂಗುವುದಿಲ್ಲ, ಅದನ್ನು ಸೆರಗಿನಂತೆ ಹೆಗಲಿಗೆ ಹೊದ್ದ ಬಟ್ಟೆಯಲ್ಲಿ ಒರೆಸುತ್ತಾರೆ ಅಷ್ಟೇ.

ಸಂತೆಯ ಹಿಂದೆಯೇ ಗುಡ್ಡದ ಏರು. ಮರುದಿನ ಬೆಳಿಗ್ಗೆ ತುಗಿನೋ ಆ ಫೋರ್ಕ್ ಕೂರಿಸಿದ ಸೈಕಲ್ಲೇರಿ ತುಂಬಿದ ಬುಟ್ಟಿಗಳೊಂದಿಗೆ ಹೊರಡುತ್ತಾರೆ. ದಿನಾ ಇಳಿಯುವ ಬಾಳೆಹಣ್ಣಿನ ಅಂಗಡಿ ಬರುತ್ತದೆ. ಅವರು ಇಳಿಯುವುದಿಲ್ಲ. ಮುಂದಿನ ಗಾಲಿ ನೆಲ ಬಿಡುವುದಿಲ್ಲ. ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೆ ನಾನೂ ಬು ವಾರ್ಸಿನಿಯೂ ನಿಂತು ನೋಡುತ್ತೇವೆ.

"ಹಿಂದೆ ತಿರುಗಿ ಒಂದು ಸಲ ನೋಡ್ಲಿಲ್ಲವಲ್ಲ" ಎನ್ನುತ್ತೇನೆ.

"ನೋಡಿದ್ರೆ ಬೀಳ್ತಾರೆ. ಹೋಗ್ಲಿ, ಮನೆಗಳಲ್ಲಿ ಕಾಯ್ತಿರ್ತಾರೆ."

ಬು ವಾರ್ಸಿನಿ ಒಳಗೆ ಹೋಗಿ ಗೋಡೆಯಿಂದ ತುಗಿನೋ ಸೈಕಲ್ಲಿನ ಕಟ್ಟು ಇಳಿಸಿ ರಬ್ಬರ್ ಬ್ಯಾಂಡ್ ಬಿಚ್ಚುತ್ತಾರೆ. ಮೂರು ಕಡ್ಡಿಗಳನ್ನೂ ಮತ್ತೆ ಪೊರಕೆಗೆ ಸಿಕ್ಕಿಸಿ ಅಂಗಡಿ ಗುಡಿಸತೊಡಗುತ್ತಾರೆ.

"ಇನ್ನು ನಲವತ್ತು" ಎನ್ನುತ್ತಾರೆ. "ಸಾಯೋದ್ರೊಳಗೆ ಕಡ್ಡಿಯೆಲ್ಲ ವಾಪಸ್ ಬಂದು ಈ ಪೊರಕೆ ಒಂದು ಸಲ ತುಂಬಬೇಕು ನೋಡಿ."