ಉದ್ದಪ್ಪ ಬೆಂಚಿನ ಮೇಲೆ ಕುಳಿತ ದಿನ

ನಮ್ಮ ಉದ್ದಪ್ಪನನ್ನು ಭಾಷಣಕ್ಕೆ ಕರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅರವತ್ತರ ಹತ್ತಿರ ಬಂದ ಮನುಷ್ಯ ಇನ್ನೂ ಚಡ್ಡಿ ಹಾಕಿಕೊಂಡು ಬಾಸ್ಕೆಟ್‌ಬಾಲ್ ಆಡುತ್ತಾನೆ ಅಂದಕೂಡಲೇ ಜನಕ್ಕೆ ಅವನ ಕೊರಳಿಗೆ ಹಾರ ಹಾಕಬೇಕು, ಹೆಗಲಿಗೆ ಶಾಲು ಹೊದಿಸಬೇಕು, ಆಮೇಲೆ ಕೈಗೆ ಮೈಕು ಕೊಟ್ಟು ಗುಟ್ಟೇನೆಂದು ಕೇಳಬೇಕು. ಗುಟ್ಟು ಏನಿದೆ ಮಣ್ಣು? ಹೊತ್ತು ಮೂಡುವ ಮೊದಲು ಏಳುತ್ತಾನೆ, ರಾತ್ರಿ ಅರ್ಧ ಹೊಟ್ಟೆ ಉಂಡು ಮಲಗುತ್ತಾನೆ. ನನ್ನದು ಗೋಕಾಕ ಪೇಟೆಯಲ್ಲಿ ಕರದಂಟಿನ ಅಂಗಡಿ. ಇಷ್ಟು ವರ್ಷಗಳ ಗೆಳೆತನದಲ್ಲಿ ಆ ಪುಣ್ಯಾತ್ಮ ಅದರ ಒಂದು ಚೂರನ್ನೂ ಬಾಯಿಗೆ ಹಾಕಿದವನಲ್ಲ. ನಾನೂ ಅವನ ಜೊತೆ ಆಡುತ್ತಿದ್ದವನೇ. ಮದುವೆಯಾದ ಮೇಲೆ ನನ್ನ ಹೊಟ್ಟೆ ಮುಂದೆ ಬಂತು, ನಾನು ಹಿಂದೆ ಉಳಿದೆ.

ಉದ್ದಪ್ಪ ಗೋಕಾಕ ಫಾಲ್ಸಿನವನು. ಅಪ್ಪನ ಹಾಗೆ ತಾನೂ ಊರಿನ ನೂಲಿನ ಮಿಲ್ಲಿಗೆ ಸೇರಿದ, ಅಲ್ಲಿಯ ಸಿಮೆಂಟು ಅಂಕಣದಲ್ಲಿ ಆಟ ಕಲಿತ. ಆಗ ಅವರ ಓಣಿಯವರನ್ನು ಪೇಟೆಯಲ್ಲಿ ಹೆಸರು ಹಿಡಿದು ಕರೆಯುವವರೇ ಕಡಿಮೆ. 'ಲೇ' ಅಂದರೆ ಮುಗಿಯಿತು. ಬಸವಣ್ಣನವರ ಫೋಟೋಕ್ಕೆ ದಿನಾ ಹೂವೇರಿಸುವ ನಮ್ಮ ಮನೆಯಲ್ಲೂ ಅವನಿಗೆ ಚಹಾ ಹೊರಗಿನ ಕಟ್ಟೆಯ ಮೇಲೇ ಬರುತ್ತಿತ್ತು. ಅಂಥವನು ಅಂಕಣಕ್ಕಿಳಿದು ಬಾಲ್ ಹಿಡಿದರೆ ಅದೇ ಪೇಟೆಯ ಸಾಹುಕಾರರು ಎದ್ದು ನಿಂತು "ಉದ್ದಪ್ಪಾ, ಹಾಕೋ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ತನ್ನ ಹೆಸರು ಕೇಳಿಸುವ ಜಾಗ ಒಂದೇ ಇದ್ದಾಗ ಅದನ್ನು ಬಿಟ್ಟು ಬರುವುದು ಎಂಥವನಿಗೂ ಸುಲಭವಲ್ಲ. ಇದನ್ನು ನಾನು ಈಗ ಹೇಳುತ್ತಿದ್ದೇನೆ. ಆಗ ನನಗೂ ತಿಳಿದಿರಲಿಲ್ಲ.

ಕಲಿಯುವುದರಲ್ಲಿ ಮಾತ್ರ ಅವನನ್ನು ಮೀರಿಸಿದವರಿಲ್ಲ. ಸೈಕಲ್‌ನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದಾಗ, ಪ್ಲಾಸ್ಟರ್ ಹಾಕಿಕೊಂಡೇ ಬಂದು ಎಡಗೈಯಿಂದ ಬಾಲ್ ಎಸೆಯಲು ಶುರು ಮಾಡಿದ. ಕೈ ಕೂಡುವಷ್ಟರಲ್ಲಿ ಎರಡೂ ಕೈ ಪಳಗಿದ್ದವು. ನಲವತ್ತಕ್ಕೆ ಕಾಲಿನ ವೇಗ ತಗ್ಗಿತು. ಇನ್ನು ಇವನ ಕತೆ ಮುಗಿಯಿತು ಎಂದುಕೊಂಡೆವು. ಅವನು ಬೇರೆಯೇ ಒಂದು ಆಟ ಆಡತೊಡಗಿದ. "ಹುಡುಗೂರು ಬಾಲಿನ ಹಿಂದ ಓಡ್ತಾವು. ನಾ ಅದು ಬೀಳೂ ಜಾಗಾದಾಗ ಮೊದಲ ಹೋಗಿ ನಿಂತಿರ್ತೇನಿ" ಅನ್ನುತ್ತಿದ್ದ. ಖರೆ, ನಿಂತೇ ಇರುತ್ತಿದ್ದ. ಮಂಡಿ ನೋಯತೊಡಗಿದ ಮೇಲೆ ಹಾರುವುದನ್ನು ಬಿಟ್ಟು, ಇನ್ನೊಬ್ಬನು ಹಾರುವಂತೆ ಬಾಲ್ ಕೊಡುವುದನ್ನು ಕಲಿತ. ಹೀಗೆ ದೇಹ ಒಂದನ್ನು ಕಿತ್ತುಕೊಂಡಾಗೆಲ್ಲ ಅವನು ಇನ್ನೊಂದನ್ನು ಗಳಿಸಿಕೊಂಡ.

ಈ ಸಲ ಚಳಿಗಾಲದಲ್ಲಿ ಮೂಡಲಗಿಯ ಒಂದು ಶಾಲೆಯವರು ಕರೆದರು. ನನ್ನ ಮೋಟಾರ್ ಸೈಕಲ್ ಮೇಲೆ ಕೂಡಿಯೇ ಹೋದೆವು. ಹಾರ, ಶಾಲು, ಮೈಕು ಎಲ್ಲ ಆಯಿತು. ಛಲ ಬಿಡಬಾರದು, ದಿನಕ್ಕೊಂದು ಹೊಸದು ಕಲಿಯಬೇಕು, ಸಾಯುವ ತನಕ ಕಣ ಬಿಡಬಾರದು ಎಂದು ಉದ್ದಪ್ಪ ತನ್ನ ಎಂದಿನ ಮಾತು ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಆಟದ ಶಿಕ್ಷಕಿ ಸುಜಾತಾ ಎದ್ದು ನಿಂತರು. ಅವರ ಮನಸ್ಸಿನಲ್ಲಿ ಯಾವ ಕೊಂಕೂ ಇರಲಿಲ್ಲ.

"ಸರ, ನಮ್ಮ ಹುಡುಗೂರಿಗೆ ವಾರಕ್ಕೊಮ್ಮೆ ಆಟ ಕಲಸಾಕ ಯಾರರ ಬೇಕಾಗ್ಯಾರ್ರಿ. ನಿಮ್ಮ ಕೈಯಾಗ ತಯಾರಾದವ್ರು, ನಿಮ್ಮ ಹಿಂದ ಬಂದವ್ರು ಯಾರದಾರ್ರಿ? ಒಬ್ಬರ ಹೆಸರ ಹೇಳ್ರಿ, ನಾವ ಹೋಗಿ ಕರೀತೇವಿ."

ಉದ್ದಪ್ಪ ಮೈಕು ಹಿಡಿದುಕೊಂಡು ನಿಂತ. ಯಾರದೋ ಹೆಸರು ನೆನಪಿಗೆ ಬರುತ್ತಿಲ್ಲವೇನೋ ಎಂದು ಮಕ್ಕಳು ಕಾದರು. ಕೊನೆಗೆ, "ಯಾರೂ ಇಲ್ರಿ ಅಕ್ಕೋರ" ಎಂದು ಹೇಳಿ ಕೆಳಗಿಳಿದ.

ಬರುವಾಗ ಲೋಳಸೂರ ಸೇತುವೆಯ ಮೇಲೆ ಹಿಂದಿನಿಂದ ನನ್ನ ಹೆಗಲು ತಟ್ಟಿದ. "ಕಾಶಿನಾಥ, ದುರ್ಗೇಶ ಈಗ ಎಲ್ಲಿದಾನ?"

ಹದಿನೈದು ವರ್ಷದಿಂದ ಆ ಹೆಸರನ್ನು ನಾವಿಬ್ಬರೂ ಎತ್ತಿರಲಿಲ್ಲ.

ದುರ್ಗೇಶ ಉದ್ದಪ್ಪನ ಓಣಿಯದೇ ಹುಡುಗ. ಅವನನ್ನು ಅಂಕಣಕ್ಕೆ ಕರೆತಂದವನೂ ಉದ್ದಪ್ಪನೇ. ಇಪ್ಪತ್ತರ ಪ್ರಾಯ, ಬಾಲ್ ಹಿಡಿದು ಮೇಲೆ ಹಾರಿದರೆ ಇಳಿಯುವುದನ್ನೇ ಮರೆತನೇನೋ ಅನ್ನಿಸುತ್ತಿತ್ತು. ಆದರೆ ಆಡುವವರು ಐದು ಜನ, ಅವನು ಆರನೆಯವನು. ಬೆಂಚಿನ ತುದಿಯಲ್ಲಿ, ನೀರಿನ ಕೊಡದ ಬಾಜೂ ಅವನ ಜಾಗ. ಯಾರಾದರೂ ಕುಂಟುತ್ತ ಹೊರಬಂದರೆ ಒಳಗೆ ಹೋಗುವುದು, ಅವರು ಸುಧಾರಿಸಿಕೊಂಡರೆ ಮತ್ತೆ ಬಂದು ಅಲ್ಲೇ ಕೂಡುವುದು. ಅವನು ಆಡಬೇಕಾದದ್ದು ಉದ್ದಪ್ಪನ ಜಾಗದಲ್ಲಿ. ಉದ್ದಪ್ಪನಿಗೆ ದಣಿವೇ ಆಗುತ್ತಿರಲಿಲ್ಲ.

ಆ ವರ್ಷ ಸಂಕೇಶ್ವರದಲ್ಲಿ ಟೂರ್ನಮೆಂಟಿನ ಫೈನಲ್. ಆಟ ಬಿಟ್ಟಿದ್ದ ನಾನೂ ನೋಡಲು ಹೋಗಿದ್ದೆ. ಆಟಗಾರರಿಗೆ ನೌಕರಿ ಕೊಡುವ ಒಂದು ದೊಡ್ಡ ಟೀಮಿನಿಂದ ಹುಡುಗರನ್ನು ಆರಿಸಲು ಇಬ್ಬರು ಬಂದಿದ್ದರು. ನಮ್ಮ ಕೋಚ್ ಪರಶುರಾಮ ಮೊದಲೇ ಉದ್ದಪ್ಪನನ್ನು ಬದಿಗೆ ಕರೆದು ಹೇಳಿದ್ದ: "ಅಣ್ಣಾ, ಕಡೀ ಕ್ವಾರ್ಟರಿಗೆ ನೀ ಹೊರಗ ಬಾ. ನಮ್ಮ ಹುಡುಗನ್ನ ಅವ್ರು ನೋಡ್ಲಿ. ನೌಕರಿ ಪ್ರಶ್ನೆ ಐತಿ." ಉದ್ದಪ್ಪ, ಆತು ಅಂದಿದ್ದ.

ಕೊನೆಯ ಕ್ವಾರ್ಟರ್ ಬಂತು. ನಾವು ಸ್ವಲ್ಪದರಲ್ಲೇ ಹಿಂದಿದ್ದೆವು. ದುರ್ಗೇಶ ಮೇಲಂಗಿ ತೆಗೆದು, ಬೂಟಿನ ಲೇಸು ಬಿಗಿದು, ಗೆರೆಯ ಹತ್ತಿರ ಬಂದು ನಿಂತ. ಪರಶುರಾಮ ಕೈ ಬೀಸಿದ. ಉದ್ದಪ್ಪ ಅಂಗೈ ತೋರಿಸಿ, "ಇನ್ನೊಂದ್ ಸ್ವಲ್ಪ" ಅಂದ. ಮತ್ತೆ ಬೀಸಿದ, ಮತ್ತೆ ಅದೇ ಅಂಗೈ. ಉದ್ದಪ್ಪನ ಆಟ ನೋಡುತ್ತಲೇ ಬೆಳೆದ ಪರಶುರಾಮನಿಗೆ ಅವನ ಮೇಲೆ ಜೋರು ಮಾಡುವ ಧೈರ್ಯ ಬರಲಿಲ್ಲ. ಸುತ್ತ ಜನ ಬೇರೆ "ಉದ್ದಪ್ಪಾ, ಉದ್ದಪ್ಪಾ" ಎಂದು ಒಂದೇ ಸಮ ಕೂಗುತ್ತಿದ್ದರು. ಕೊನೆಯ ಬಾಲನ್ನು ಅವನೇ ಎಡಗೈಯಿಂದ ರಿಂಗಿನೊಳಗೆ ಹಾಕಿದ. ಗೆದ್ದೆವು. ಉದ್ದಪ್ಪನನ್ನು ಹೊತ್ತು ಕುಣಿದೆವು. ಬಂದವರಿಬ್ಬರು ಎದುರು ಟೀಮಿನ ಒಬ್ಬ ಹುಡುಗನ ಹೆಸರು ಬರೆದುಕೊಂಡು ಹೋದರು.

ದುರ್ಗೇಶ ಮೇಲಂಗಿ ಹಾಕಿಕೊಂಡು ನಮ್ಮ ಜೊತೆ ಚಪ್ಪಾಳೆ ತಟ್ಟಿದ. "ಮುಂದಿನ ವರ್ಷ ನಿಂದ ಪಾಳಿ" ಎಂದು ಉದ್ದಪ್ಪ ಅವನ ಬೆನ್ನು ಚಪ್ಪರಿಸಿದ. ಮುಂದಿನ ವರ್ಷ ಯಾರೂ ನೋಡಲು ಬರಲಿಲ್ಲ, ದುರ್ಗೇಶನೂ ಅಂಕಣಕ್ಕೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಹಾಗೂ ಅಲ್ಲ. ಅವನ ತುತ್ತು ಇನ್ನೊಬ್ಬನ ತಟ್ಟೆಯಲ್ಲಿತ್ತು. ಆ ಇನ್ನೊಬ್ಬನ ಹೊಟ್ಟೆ ಎಂದೋ ತುಂಬಿತ್ತು ಎಂಬುದೇ ನನಗೆ ಈಗಲೂ ಸಂಕಟ.

"ಹತ್ತರಗಿಯಾಗ ಹೈವೇ ಬಾಜೂ ಪಂಚರ್ ಅಂಗಡಿ ಇಟ್ಟಾನಂತ" ಎಂದೆ ನಾನು.

ಮರುದಿನ ಬೆಳಿಗ್ಗೆ ಉದ್ದಪ್ಪ ನನ್ನ ಅಂಗಡಿಗೆ ಬಂದು ಅರ್ಧ ಕಿಲೋ ಕರದಂಟು ಕಟ್ಟಲು ಹೇಳಿದ. ಹೊತ್ತು ಯಾವ ಕಡೆ ಮೂಡಿದೆ ಎಂದು ನಾನು ಹೊರಗೆ ಇಣುಕಿ ನೋಡಿದೆ. "ನನಗಲ್ಲೋ, ದುರ್ಗೇಶಗ. ಗಾಡಿ ತೆಗಿ" ಎಂದ.

ದುರ್ಗೇಶ ಒಂದು ಲಾರಿಯ ಗಾಲಿ ಬಿಚ್ಚುತ್ತಿದ್ದ. ನಮ್ಮನ್ನು ಕಂಡವನೇ ಕೈ ಒರೆಸಿಕೊಂಡು ಬಂದ. "ಬರ್ರಿ ಕಾಕಾ, ಕುಂದರ್ರಿ. ಚಾ ತರಸ್ತೇನಿ." ಸೊಂಟ ದಪ್ಪಗಾಗಿತ್ತು, ಕಿವಿಯ ಮೇಲೆ ಬಿಳಿಗೂದಲು ಇಣುಕಿತ್ತು. ಅವನ ಮುಖದಲ್ಲಿ ಸಿಟ್ಟಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಉದ್ದಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಉದ್ದಪ್ಪ ಸುತ್ತು ಬಳಸಲಿಲ್ಲ. "ದುರ್ಗೇಶ, ಅವತ್ತ ಸಂಕೇಶ್ವರದಾಗ ನಾ ಹೊರಗ ಬರಬೇಕಿತ್ತು. ಬರಲಿಲ್ಲ. ತಪ್ಪಾತು. ಅಂಬೇಡ್ಕರ್ ಜಯಂತಿಗೆ ಫಾಲ್ಸಿನಾಗ ಮೂವತ್ತೈದ ದಾಟಿದವ್ರ ಮ್ಯಾಚ್ ಐತಿ. ನನ್ನ ಜಾಗಾದಾಗ ನೀ ಆಡಬೇಕು. ನಾ ಹೊರಗ ಕುಂದರ್ತೇನಿ."

ದುರ್ಗೇಶ ಕರದಂಟಿನ ಪೊಟ್ಟಣವನ್ನೇ ನೋಡುತ್ತ ನಿಂತ. "ಈಗ್ರಿ?" ಅಂದ. ಅಷ್ಟೇ. ಆಮೇಲೆ ನಕ್ಕು, "ಬರ್ತೇನ್ ಬಿಡ್ರಿ ಕಾಕಾ. ಇಷ್ಟ ದೂರ ಕರಿಯಾಕ ಬಂದೀರಿ" ಎಂದ.

ಏಪ್ರಿಲ್ ತಿಂಗಳ ಆ ಸಂಜೆ ಅಂಕಣದ ಸುತ್ತ ಜಾಗವಿರಲಿಲ್ಲ. ಟೀಮಿನಲ್ಲಿ ಕೂಡಿದವರು ಆರೇ ಜನ. ಉದ್ದಪ್ಪ ತನ್ನ ಅಂಗಿಯನ್ನೇ ದುರ್ಗೇಶನಿಗೆ ಕೊಟ್ಟ. ಹೊಟ್ಟೆಯ ಹತ್ತಿರ ಬಿಗಿಯಾದರೂ ಹಿಡಿಸಿತು. ತಾನು ಹೋಗಿ ಬೆಂಚಿನ ತುದಿಯಲ್ಲಿ, ನೀರಿನ ಕೊಡದ ಬಾಜೂ ಕುಳಿತ. ಕೈಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ದುರ್ಗೇಶನ ಕೈಗೆ ಬಾಲ್ ಬಂತು. ಇಬ್ಬರನ್ನು ದಾಟಿ ಮೇಲಕ್ಕೆ ಹಾರಿದ. ಒಂದು ಗಳಿಗೆ ಅವನಿಗೆ ಮತ್ತೆ ಇಪ್ಪತ್ತು ವರ್ಷ. ಬಾಲ್ ಬೋರ್ಡಿಗೂ ತಾಕದೆ ರಿಂಗಿನೊಳಗೆ ಇಳಿಯಿತು. ಅಂದು ಬಂದಿದ್ದ ಆ ಇಬ್ಬರು ನೋಡದೆ ಹೋದದ್ದು ಇದು. ನನ್ನ ಕಣ್ಣು ತುಂಬಿತು, ಹೇಳಲು ನಾಚಿಕೆಯೇನಿಲ್ಲ. ಉದ್ದಪ್ಪ ಎರಡೂ ಕೈಯಿಂದ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಅದೊಂದೇ. ಆಮೇಲೆ ಅವನಿಗೆ ಉಸಿರು ಸಾಲಲಿಲ್ಲ. ಮುಗ್ಗರಿಸಿದ, ಬಾಲ್ ಕಳೆದುಕೊಂಡ, ಮಂಡಿಗೆ ಕೈ ಊರಿ ನಿಂತ. ಹದಿನೈದು ವರ್ಷ ಕುಳಿತು ಗಾಲಿ ಬಿಚ್ಚಿದ ದೇಹ ಅದು. ಜನರಿಗೇನು, ಅವರು ಹಳೆಯ ಹೆಸರನ್ನೇ ಕೂಗತೊಡಗಿದರು: "ಉದ್ದಪ್ಪಾ, ಉದ್ದಪ್ಪಾ!" ದುರ್ಗೇಶ ಕೈ ಎತ್ತಿ, ಏದುಸಿರು ಬಿಡುತ್ತ ಗೆರೆ ದಾಟಿ ಬಂದ.

"ಇನ್ನೊಂದ್ ಸ್ವಲ್ಪ ಆಡೋ" ಎಂದ ಉದ್ದಪ್ಪ. ಅವನ ದನಿಯಲ್ಲಿ ಅಷ್ಟು ದೈನ್ಯವನ್ನು ನಾನು ಎಂದೂ ಕೇಳಿರಲಿಲ್ಲ.

"ಆಗೂದಿಲ್ರಿ ಕಾಕಾ. ನೀವ್ ಹೋಗ್ರಿ."

ಉದ್ದಪ್ಪ ಕದಲಲಿಲ್ಲ. ದುರ್ಗೇಶ ಬೆವರು ಒರೆಸಿಕೊಂಡು ಅವನ ಮುಂದೆ ನಿಂತ. ನಗುತ್ತಲೇ, ಬಸ್ಸಿನಲ್ಲಿ ಸೀಟು ಕೇಳುವಷ್ಟು ಸಹಜವಾಗಿ ಹೇಳಿದ: "ಏಳ್ರಿ ಕಾಕಾ. ನೀವು ಕುಂತಿದ್ದು ನನ್ನ ಜಾಗಾ."

ಉದ್ದಪ್ಪ ಎದ್ದ. ಆಡಲು ಬರುತ್ತಿದ್ದಾನೆಂದು ಜನ ಸಿಳ್ಳೆ ಹೊಡೆದರು. ಅವನು ಗೆರೆಯ ತನಕ ನಡೆದು ಅಲ್ಲೇ ನಿಂತುಬಿಟ್ಟ. ರೆಫರಿ ಕರೆದ, ನಾನು ಕರೆದೆ, ಒಳಗೂ ಹೋಗಲಿಲ್ಲ, ತಿರುಗಿಯೂ ಬರಲಿಲ್ಲ. ಆಟ ಮುಗಿಯುವ ತನಕ ನಮ್ಮವರು ನಾಲ್ಕೇ ಜನ ಆಡಿದರು.