ಟೀಚರ್ ಹೊಲಿದ ಗುಬ್ಬಿ

ನಮ್ಮ ಹೊಲಿಗೆ ಟೀಚರ್ ತುಟಿಗಳ ನಡುವೆ ಸದಾ ಮೂರೋ ನಾಲ್ಕೋ ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬೈಯುತ್ತಿದ್ದರು, ನಗುತ್ತಿದ್ದರು, ಕಿಟಕಿಯಿಂದಲೇ ಸೊಪ್ಪಿನವಳನ್ನು ಕರೆದು ಚೌಕಾಸಿ ಮಾಡುತ್ತಿದ್ದರು. ಒಂದು ಪಿನ್ನೂ ಬೀಳುತ್ತಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಜಡ್ಡುಗಟ್ಟಿತ್ತು. ಕೊರಳಲ್ಲಿ ತಾಳಿಯ ಪಕ್ಕಕ್ಕೇ ಅಳತೆ ಟೇಪು ನೇತಾಡುತ್ತಿತ್ತು. ಮದುವೆ ಮನೆಗೂ ಅವರು ಒಮ್ಮೆ ಆ ಟೇಪು ತೆಗೆಯದೆ ಬಂದಿದ್ದರು. ನಾವು ಮುಸಿಮುಸಿ ನಕ್ಕರೆ, "ಇರಲಿ ಬಿಡ್ರೆ, ಇದೂ ನನ್ನ ಒಡವೆನೇ" ಅಂದಿದ್ದರು.

ದಾವಣಗೆರೆಯ ವಿನೋಬನಗರದಲ್ಲಿ ಅವರ ಮನೆ. ಮುಂದಿನ ಕೋಣೆಯೇ ಹೊಲಿಗೆ ಕ್ಲಾಸು. ಮದುವೆಗೆ ಮುಂಚೆ ನಾನು ಅಲ್ಲಿ ಕಲಿತೆ. ಈಗ ಎರಡು ಬೀದಿ ಆಚೆ ನನ್ನದೇ ಬ್ಲೌಸ್ ಅಂಗಡಿ ಇದೆ. ಅಳತೆ ಕೊಡಲು ನಿಂತ ಹೆಂಗಸರು ಹೊಟ್ಟೆ ಒಳಕ್ಕೆಳೆದುಕೊಳ್ಳುವುದು ಇದ್ದದ್ದೇ. ಟೀಚರ್ ಟೇಪು ಸಡಿಲ ಬಿಟ್ಟು ಕಾಯುತ್ತ ನಿಲ್ಲುತ್ತಿದ್ದರು. "ಉಸಿರು ಬಿಡವ್ವ. ನಿನ್ನ ಮೈ ಹೆಂಗೈತೋ ಹಂಗೆ ನಿಂತ್ಕ. ಬಟ್ಟೆ ಮೈಗೆ ತಕ್ಕಂಗೆ ಇರಬೇಕು, ಮೈ ಬಟ್ಟೆಗೆ ತಕ್ಕಂಗಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ನನ್ನ ಅಂಗಡಿಯಲ್ಲಿ ಈಗ ನಾನೇ ಅದನ್ನು ಹೇಳುತ್ತೇನೆ, ಅವರದೇ ದನಿಯಲ್ಲಿ.

ಅವರ ಎಡಗಡೆಯ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ನಿನಲ್ಲಿ ಎದೆಯನ್ನೇ ತೆಗೆದರು. ಟೀಚರ್ ಅತ್ತದ್ದನ್ನು ನಾನು ನೋಡಲಿಲ್ಲ. ಯಜಮಾನರು ಹರಿಹರದ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದರು, ಮಕ್ಕಳಿರಲಿಲ್ಲ, ಅಳು ಬಂದಿದ್ದರೆ ಒಬ್ಬರೇ ಇದ್ದಾಗ ಅತ್ತಿರಬೇಕು. ಗಾಯ ಮಾಯುವ ಹೊತ್ತಿಗೆ ಮಾತ್ರ ಅವರಿಗೊಂದು ಹಟ ಹಿಡಿದಿತ್ತು. ಹಳೆಯ ಬ್ಲೌಸುಗಳು ಒಂದು ಕಡೆ ಜೋಲುತ್ತಿದ್ದವು, ಸೆರಗು ನಿಲ್ಲುತ್ತಿರಲಿಲ್ಲ, ಓರಗಿತ್ತಿಯರು ಮಾತಾಡುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಟೀಚರ್ ಹತ್ತಿ ತುಂಬಿದ ಚೀಲವೊಂದನ್ನು ಹೊಲಿದುಕೊಂಡರು. ಅದು ಹಗುರವಾಗಿ ಮೇಲಕ್ಕೇರಿ ಕುತ್ತಿಗೆಗೆ ಬರುತ್ತಿತ್ತು. ಅಕ್ಕಿ ತುಂಬಿದರು, ನುಸಿ ಬಿತ್ತು. ರಾಗಿ ತುಂಬಿದರು.

"ತೊಳೆದು ಒಣಗಿಸೋದ್ರಾಗೆ ಮೊಳಕಿ ಬಂತು ನೋಡು. ಎದಿ ಮ್ಯಾಲೆ ಬೆಳಿ ತೆಗೆಯೋಣೇನು?" ಎಂದು ಅವರು ನಕ್ಕಾಗ ನನಗೆ ನಗು ಬರಲಿಲ್ಲ.

ಅವರ ತವರುಮನೆ ಹರಿಹರದಲ್ಲಿ, ಹೊಳೆಗೆ ಹತ್ತಿರ. ಹಬ್ಬಕ್ಕೆ ಹೋದಾಗ ದಂಡೆಯಲ್ಲಿ ಕೂತು ಬಲೆ ಸರಿಮಾಡುವವರನ್ನು ನೋಡಿದರು. ಬಲೆಯ ಅಂಚಿಗೆ ಸಣ್ಣ ಸಣ್ಣ ಸೀಸದ ಗುಂಡುಗಳನ್ನು ಕಟ್ಟುತ್ತಾರೆ, ಬಲೆ ಮುಳುಗಿ ನಿಲ್ಲಲಿ ಎಂದು. ಟೀಚರ್ ಆ ಬಲೆಯವರಿಂದ ಒಂದಿಷ್ಟು ಗುಂಡು ಕೇಳಿ ತಂದರು. ಹತ್ತಿಯ ನಡುವೆ ಪುಟ್ಟ ಪುಟ್ಟ ಮನೆಗಳನ್ನು ಹೊಲಿದು ಒಂದೊಂದರಲ್ಲಿ ಗುಂಡು ಕೂರಿಸಿದರು. ಅದು ನಿಂತಿತು. ಬಗ್ಗಿದರೆ ಬಗ್ಗುತ್ತಿತ್ತು, ನಡೆದರೆ ಜೊತೆಗೆ ನಡೆಯುತ್ತಿತ್ತು. ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟರು. ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳುವ ಸಾಲಿನಲ್ಲಿ ಪರಿಚಯವಾದ ಹೆಂಗಸರು, ಅವರ ಪರಿಚಯದವರು, ಹೀಗೆ ಒಬ್ಬೊಬ್ಬರೇ ಬರತೊಡಗಿದರು. ಬಾಗಿಲು ಹಾಕಿಕೊಂಡು ಅಳತೆ. ಹೋಗುವಾಗ ಅವರ ಬೆನ್ನು ನೆಟ್ಟಗಾಗಿರುತ್ತಿತ್ತು. ನನಗೆ ಟೀಚರ್ ಬಗ್ಗೆ ಮೊದಲೇ ಗೌರವ, ಆಗ ಹೆಮ್ಮೆಯೂ ಸೇರಿತು.

ಮುಂದೊಂದು ದಿನ ಎಡ ಪಕ್ಕೆಯಲ್ಲಿ ನೋವು ಶುರುವಾಯಿತು. ಟೀಚರ್ ತಪ್ಪು ಮಾಡಿದ್ದು ಇಲ್ಲಿ. ಆ ತಪ್ಪನ್ನು ದರ್ಜಿಯಾದವರು ಮಾತ್ರ ಮಾಡಲು ಸಾಧ್ಯ. ಗುಬ್ಬಿ ಒತ್ತುತ್ತಿದೆ ಎಂದುಕೊಂಡು ಅದರ ಪಟ್ಟಿ ಸಡಿಲಿಸಿದರು, ಆಮೇಲೆ ಅಗಲ ಮಾಡಿದರು, ಆಮೇಲೆ ಅಡಿಗೆ ಮೆತ್ತನೆಯ ಫ್ಲಾನೆಲ್ ಕೊಟ್ಟರು. ನೋವು ಮೈಯದು, ರಿಪೇರಿ ಬಟ್ಟೆಗೆ. ಕೆಮ್ಮಿದರೆ ಉಸಿರು ಹಿಡಿಯುವಂತಾದ ಮೇಲೆ ಡಾಕ್ಟರ ಹತ್ತಿರ ಹೋದರು. ಅಲ್ಲಿ ಬ್ಲೌಸು, ಅದರೊಳಗಿನ ಗುಬ್ಬಿ ಎಲ್ಲ ಬಿಚ್ಚಿಸಿ ಗೌನು ತೊಡಿಸಿ ಎಕ್ಸ್‌ರೇ ತೆಗೆದರು. ಏನೂ ಕಾಣಲಿಲ್ಲ. ನಾವು ಸಿಹಿ ಹಂಚುವುದೊಂದು ಬಾಕಿ. ಆದರೆ ಡಾಕ್ಟರು ನಂಬಲಿಲ್ಲ. "ಮೂಳೆ ಒಳಗೆ ಸಾಕಷ್ಟು ಹಾಳಾಗೋ ತನಕ ಎಕ್ಸ್‌ರೇಗೆ ಸಿಗದೇ ಇರಬಹುದು ಅಮ್ಮ. ಮೂಳೆ ಸ್ಕ್ಯಾನ್ ಮಾಡಿಸಿಬಿಡಿ" ಎಂದು ಹುಬ್ಬಳ್ಳಿಗೆ ಬರೆದುಕೊಟ್ಟರು. ಯಜಮಾನರಿಗೆ ರಜೆ ಸಿಗಲಿಲ್ಲ. ಜೊತೆಗೆ ನಾನು ಹೋದೆ.

ಅಲ್ಲಿ ಕೈಯ ನರಕ್ಕೆ ಒಂದು ಔಷಧಿ ಕೊಟ್ಟರು. ಅದರಲ್ಲಿ ತುಸು ವಿಕಿರಣ ಇರುತ್ತದಂತೆ. ಅದು ಹೋಗಿ ಮೂಳೆಗಳಲ್ಲಿ ಕೂರುತ್ತದೆ. ಎಲ್ಲಿ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಒದ್ದಾಡುತ್ತಿರುತ್ತದೋ ಅಲ್ಲಿ ಹೆಚ್ಚು ಕೂರುತ್ತದೆ, ಚಿತ್ರದಲ್ಲಿ ಅಲ್ಲಿ ಕಪ್ಪಗೆ ಕಾಣುತ್ತದೆ. ಕೂರಲು ಎರಡು ಮೂರು ತಾಸು ಬೇಕು. ಅಷ್ಟೂ ಹೊತ್ತು ನೀರು ಕುಡಿಯುತ್ತ, ಎದ್ದು ಹೋಗಿ ಬರುತ್ತ, ಟೀಚರ್ ಎದುರಿಗೆ ಕೂತವರ ಬ್ಲೌಸುಗಳ ತೋಳು ನೋಡಿ ನನಗೆ ಪಿಸುಗುಟ್ಟುತ್ತಿದ್ದರು. "ಅಕಿ ಕಂಕುಳಾಗೆ ಎಳೆದೈತೆ ನೋಡು. ಯಾರು ಹೊಲಿದ್ರೋ ಮಾರಾಯ್ತಿ."

ಒಳಗೆ ಕರೆದ ಹುಡುಗ ಮರ್ಯಾದೆಯಿಂದಲೇ ಕೇಳಿದ, "ಒಡವಿ, ಪಿನ್ನು, ಲೋಹದ್ದು ಏನಿದ್ರೂ ತೆಗೀರಿ ಅಮ್ಮ." ಟೀಚರ್ ತಾಳಿ, ಓಲೆ, ಕಾಲುಂಗುರ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಸೀರೆಯ ಪಿನ್ನನ್ನೂ ಕೊಟ್ಟರು. ತಮ್ಮ ಬಟ್ಟೆಯಲ್ಲೇ ಹೋಗಿ ಮಲಗಿದರು.

ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ನೋಡುವ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಕಂಪ್ಯೂಟರಿನಲ್ಲಿ ಟೀಚರ ಎಲುಬುಗೂಡು. ತಲೆ, ಬೆನ್ನು, ಮೊಣಕಾಲು ಎಲ್ಲ ಇದ್ದವು. ಬಲ ಮೊಣಕಾಲು ಕಪ್ಪಗಿತ್ತು. ಅದು ಸವೆತ, ಮಿಷನ್ ತುಳಿದವರಿಗೆ ಇರುತ್ತದೆ, ಕಪ್ಪಗಿದ್ದದ್ದೆಲ್ಲ ಕ್ಯಾನ್ಸರ್ ಅಲ್ಲ ಎಂದರು. ಆಮೇಲೆ ಎಡ ಎದೆಯ ಕಡೆ ಬೆರಳಿಟ್ಟರು. ಅಲ್ಲಿ ಪಕ್ಕೆಲುಬುಗಳೇ ಇರಲಿಲ್ಲ. ಸ್ಲೇಟಿನ ಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸಿದ ಹಾಗೆ ಬಿಳಿಯಾಗಿತ್ತು.

"ಇವರು ಎದೆ ಮೇಲೆ ಏನಾದರೂ ಇಟ್ಟುಕೊಂಡಿದ್ದಾರಾ?"

ನನಗೆ ಕೂಡಲೇ ಗೊತ್ತಾಯಿತು. ಗುಬ್ಬಿಯ ವಿಷಯ, ಅದರೊಳಗಿನ ಸೀಸದ ವಿಷಯ ಅವರಿಗೆ ಹೇಳಿದೆ.

ಆಮೇಲೆ ಹೋಗಿ ಟೀಚರ ಕಿವಿಯಲ್ಲಿ ಹೇಳಿದೆ. ಟೀಚರ್ ಮುಖ ಬಿಗಿದುಕೊಂಡರು. "ಒಡವಿ ತೆಗಿ ಅಂದ್ರು, ತೆಗೆದೆ. ಅದು ಒಡವಿ ಅಲ್ಲವ್ವ. ಅದು ನನ್ನ ಮೈ." ಅದನ್ನು ಹೇಳುವಾಗ ಅವರು ಎರಡೂ ಕೈಯಿಂದ ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದರು. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು. ಡಾಕ್ಟರಮ್ಮ ಗದರಲಿಲ್ಲ. ಹುಡುಗನನ್ನು ಹೊರಗೆ ಕಳಿಸಿ ಪರದೆ ಎಳೆದರು. "ಅಮ್ಮ, ಸೀಸ ಇದ್ದಲ್ಲಿ ಈ ಕ್ಯಾಮೆರಾಕ್ಕೆ ಏನೂ ಕಾಣಲ್ಲ. ನಾವು ಕಾಣಬೇಕಾದ ಜಾಗನೇ ಮುಚ್ಚಿದೆ. ಒಂದು ಸಲ ತೆಗೀತೀರಾ?" ಅಂದರು. ಟೀಚರ್ ಗೋಡೆ ಕಡೆ ತಿರುಗಿ ಗುಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. ಅದು ಬೆಚ್ಚಗಿತ್ತು.

ಎರಡನೆಯ ಚಿತ್ರದಲ್ಲಿ ಪಕ್ಕೆಲುಬುಗಳು ಬಂದವು. ಎರಡು ಕಡೆ ಕಪ್ಪಗಿತ್ತು, ಗುಬ್ಬಿ ಕೂರುತ್ತಿದ್ದ ಜಾಗದಲ್ಲೇ. ಅದು ಹಳೆಯ ಪೆಟ್ಟೋ ಕ್ಯಾನ್ಸರ್ ಹರಡಿದ್ದೋ ಎಂದು ನೋಡಲು ಸಿ.ಟಿ. ಮಾಡಿದರು. ಹರಡಿತ್ತು.

ವಾಪಸು ರೈಲಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಎದೆಯ ಮೇಲೆ ಸೆರಗನ್ನು ಎರಡು ಸುತ್ತು ಹೊದ್ದಿದ್ದರು. ರಾಣೆಬೆನ್ನೂರು ದಾಟಿತು. ಹೊಳೆಯ ಸೇತುವೆ ಬಂತು. ಕೆಳಗೆ ತುಂಗಭದ್ರೆ, ಮುಂದೆ ಹರಿಹರ ಸ್ಟೇಷನ್ನು. ಅವರು ಆ ನೀರು ನೋಡುತ್ತಲೇ ಕೇಳಿದರು.

"ನಾನು ಎಷ್ಟು ಮಂದಿಗೆ ಹೊಲಿದೀನಿ?"

"ಯಾಕ್ರಿ ಟೀಚರ್ ಈಗ ಅದು?"

"ಯಾಕ ಅಂತೀಯಲ್ಲ. ಅವರೂ ಹಿಂಗೇ ಹೋಗಿ ಮಲಗಿದ್ರೆ? ಎಲ್ಲ ಡಾಕ್ಟ್ರೂ ನಮ್ಮ ಡಾಕ್ಟ್ರಮ್ಮನಂಗೆ ಕೇಳ್ತಾರೇನು? ಏನೂ ಇಲ್ಲ ಅಂತ ಮನಿಗೆ ಕಳಿಸಿದ್ರೆ? ಶಾಮನೂರಿನಾಕಿಗೆ ಇದೇ ವಾರ ಸ್ಕ್ಯಾನ್ ಐತೆ. ನನ್ನ ಕೈಯಾರೆ ಮುಚ್ಚಿಟ್ಟಂಗಾತಲ್ಲ."

ತಮ್ಮ ಸಾವಿನ ಸುದ್ದಿ ತಿಳಿದ ಆ ದಿನ ಅವರು ಅತ್ತದ್ದು ಇದಕ್ಕೆ. ಬಾಯಿಗೆ ಸೆರಗು ಒತ್ತಿಕೊಂಡು ದಾವಣಗೆರೆ ಬರುವ ತನಕ ಅತ್ತರು. ನಾನೂ ಅತ್ತೆ.

ಮಾರನೆಯ ದಿನವೇ ಶಾಮನೂರಿನ ಬಸ್ಸು ಹತ್ತಿದೆವು. ಹೊಸ ಬಡಾವಣೆಗಳ ಹಿಂದೆ ಉಳಿದಿರುವ ಹಳೆಯ ಓಣಿಯಲ್ಲಿ ಅವಳ ಮನೆ. ಮೂವತ್ತು ದಾಟಿದ ಸೊಸೆ, ಹೊಲದ ಕೆಲಸದವಳು. ಒಳಕೋಣೆಗೆ ಕರೆದು ಟೀಚರ್ ಎಲ್ಲ ಬಿಡಿಸಿ ಹೇಳಿದರು. ಅವಳು ಗುಬ್ಬಿ ಕೊಡಲೊಲ್ಲಳು.

"ಇದಿಲ್ದೆ ಗಂಡಸರ ಮುಂದೆ ಹೆಂಗೆ ಮಲಗ್ಲಿ ಟೀಚರ್? ಬ್ಯಾಡ. ಇದು ಬಂದ ಮ್ಯಾಲೇ ನಾನು ಹೊಲಕ್ಕೆ ಹೋಗಾಕ ಶುರು ಮಾಡಿದ್ದು."

ಟೀಚರ್ ಎದ್ದು ಬಾಗಿಲ ಚಿಲಕ ಹಾಕಿದರು. ತಮ್ಮ ಸೆರಗು ಸರಿಸಿ, ಗುಬ್ಬಿ ತೆಗೆದು ಚಾಪೆಯ ಮೇಲಿಟ್ಟರು. ಒಂದು ಕಡೆ ಜೋತ ಬ್ಲೌಸಿನಲ್ಲಿ ಅವಳೆದುರು ನೆಟ್ಟಗೆ ನಿಂತರು.

"ನೋಡವ್ವ. ನಂದು ಹೆಂಗೈತೋ ಹಂಗೆ ನಿಂತೀನಿ. ಇದನ್ನ ಮಂದಿಗೆ ಮುಚ್ಚಾಕ ಹೊಲಿದೆ. ಡಾಕ್ಟ್ರಿಗೂ ಮುಚ್ಚಿದ್ರೆ ನಿನ್ನ ಮಕ್ಕಳಿಗೆ ಯಾರು?"

ಅವಳು ತನ್ನದನ್ನೂ ತೆಗೆದು ಕೊಟ್ಟಳು. ಟೀಚರ್ ಅಲ್ಲೇ ಕೂತು ಹೊಲಿಗೆ ಬಿಚ್ಚಿದರು. ಸೀಸದ ಗುಂಡುಗಳು ತಟ್ಟೆಗೆ ಟಣ್ ಟಣ್ ಎಂದು ಬಿದ್ದವು. ಜಾಗ ಖಾಲಿಯಾದ ಕಡೆ ಹುರಿದ ನವಣೆ ತುಂಬಿದರು. ಹುರಿದರೆ ಮೊಳಕೆಯ ಭಯವಿಲ್ಲ. ತೊಳೆಯುವ ಮುಂಚೆ ಕಾಳು ಸುರಿದುಕೊಳ್ಳಲು ಚೀಲದ ಪಕ್ಕದಲ್ಲಿ ಸಣ್ಣ ಬಾಯಿ ಇಟ್ಟರು. ಮೈಗೆ ತಾಗುವಲ್ಲಿ ಸೀಸ ಇರಲೇಬಾರದು ಎಂದೂ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಕೊನೆಗೆ ಮೇಲೊಂದು ಕೆಂಪು ದಾರದ ಹೊಲಿಗೆ ಹಾಕಿದರು. "ನವಣಿ ಇದ್ರೂ ಫೋಟೋ ತೆಗೆಯೋವಾಗ ಇದನ್ನ ತೆಗೀಬೇಕು. ಎಕ್ಸ್‌ರೇ ಇರಲಿ, ಸ್ಕ್ಯಾನ್ ಇರಲಿ. ಈ ಕೆಂಪು ಕಂಡ ಕೂಡ್ಲೇ ನೆನಪಾಗಬೇಕು." ಅವಳ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಈ ಸಲ ಅದನ್ನು ನಂಬಬಹುದಿತ್ತು.

ಹೀಗೆ ಅವರು ತಾವು ಹೊಲಿದುಕೊಟ್ಟ ಪ್ರತಿಯೊಬ್ಬರ ಮನೆಗೂ ಹೋದರು. ಹರಿಹರದವರು, ಹಳ್ಳಿಯವರು, ಫೋನಿಗೆ ಸಿಗದವರು. ಮಾತ್ರೆ, ಮೂಳೆಗೆ ಕೊಡುವ ಇಂಜೆಕ್ಷನ್ನು, ಪಕ್ಕೆಗೆ ಮತ್ತೆ ಕರೆಂಟು, ಇವುಗಳ ನಡುವೆ ಪುರುಸೊತ್ತು ಮಾಡಿಕೊಂಡು ಓಡಾಡಿದರು. ಸಾಕು ಮಲಗಿ ಎಂದರೆ ನನ್ನ ಮೇಲೆ ರೇಗುತ್ತಿದ್ದರು. ಸೇರಿದ ಸೀಸವನ್ನೆಲ್ಲ ಹರಿಹರಕ್ಕೆ ಒಯ್ದು ಬಲೆಯವರಿಗೆ ಹಿಂದಿರುಗಿಸಿದ ದಿನ ಮಾತ್ರ ಹೊಳೆಯ ದಂಡೆಯಲ್ಲಿ ನನ್ನ ಹೆಗಲಿಗೆ ಒರಗಿ ಕೂತರು.

ಆಮೇಲೂ ಅವರು ನಮ್ಮೊಂದಿಗೆ ಕೆಲವು ಹಬ್ಬ ಮಾಡಿದರು. ಕೊನೆಕೊನೆಗೆ ಬೆನ್ನಿಗೂ ಬಂತು. ಮಿಷನ್ ತುಳಿಯಲಾಗದೆ ಮಂಚದ ಮೇಲೆ ಕೈಹೊಲಿಗೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ನನಗೆ ಹೇಳಿದರು, "ನನಗೆ ಕಡೀಗೆ ಹಾಕೋ ಜಂಪರು ಟ್ರಂಕಿನಾಗೈತೆ. ಯಾರೂ ಕತ್ತರಿ ಹಚ್ಚಬ್ಯಾಡ್ರಿ." ಸುಮ್ಮನಿರಿ ಎಂದು ನಾನು ಜಗಳವಾಡಿದೆ.

ಆ ದಿನ ಬಂತು. ಸ್ನಾನ ಮಾಡಿಸಿದ ಮೇಲೆ ಹೆಂಗಸರು, ಸೆಟೆದ ಮೈಗೆ ತೊಡಿಸಲು ವಾಡಿಕೆಯಂತೆ ರವಿಕೆಯ ಬೆನ್ನು ಸೀಳಬೇಕೆಂದು ಕತ್ತರಿ ಕೇಳಿದರು. ನಾನು ಟ್ರಂಕಿನಿಂದ ಅವರೇ ಹೊಲಿದಿಟ್ಟ ಜಂಪರು ತೆಗೆದೆ. ಹಸಿರು ಖಣದ ರವಿಕೆ. ಬೆನ್ನು ಪೂರ್ತಿ ತೆರೆದಿತ್ತು, ಕಟ್ಟಲು ಲಾಡಿ ಇಟ್ಟಿದ್ದರು. ಸೀಳುವುದೇ ಬೇಕಿರಲಿಲ್ಲ.

ಶಾಮನೂರಿನವಳೂ ಬಂದಿದ್ದಳು. ತೊಡಿಸಲು ಅವಳೇ ಮುಂದಾದಳು. ದಿಂಬಿನ ಪಕ್ಕದಲ್ಲಿದ್ದ ಟೀಚರ ಗುಬ್ಬಿ ಅವಳ ಕೈಯಲ್ಲಿತ್ತು. ಅದನ್ನು ಎಡಗಡೆ ಇಡಲು ನೋಡಿದಳು, ಜಾಗ ಸಿಗಲಿಲ್ಲ. ಆ ಜಂಪರಿನ ಬಲಗಡೆಯಷ್ಟೇ ಎದೆಯ ಉಬ್ಬಿಗೆ ಬೇಕಾದ ಮಡಿಕೆ, ಟಕ್ಸ್, ಹಿಡಿದಿತ್ತು. ಎಡಗಡೆಯನ್ನು ಟೀಚರ್ ಮಟ್ಟಸವಾಗಿ ಕತ್ತರಿಸಿ ಹೊಲಿದಿದ್ದರು. ಲಾಡಿ ಕಟ್ಟಿದೆವು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಎಳೆತವಿಲ್ಲ.

"ಹಂಗಾದ್ರೆ ಇದು ಬ್ಯಾಡೇನಕ್ಕ?" ಎಂದು ಅವಳು ಕೇಳಿದಳು.

"ಬ್ಯಾಡ," ಅಂದೆ. "ಟೀಚರ್ ಅಳತೆ ತಗೊಂಡೇ ಹೊಲಿದಾರೆ."